ಡಿ.ಸಿ. ಸಾಹೇಬರು ಘೋಷಿಸದ ರಜೆ

ನ್ಯಾಮತಿಯ ಶಾಲಾಮಕ್ಕಳಿಗೆ 1997ರ ಆಗಸ್ಟ್ 15ರ ಮೇಲೆ ಸಣ್ಣದೊಂದು ಮುನಿಸು ಇದ್ದರೆ ತಪ್ಪೇನಿಲ್ಲ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ಅಂದು ದಾವಣಗೆರೆ ಜಿಲ್ಲೆ ಹುಟ್ಟಿತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದು ಸೇರಿದವು. ನ್ಯಾಮತಿ ಆಗಿನ್ನೂ ಹೊನ್ನಾಳಿಯ ಮಡಿಲಲ್ಲೇ ಇತ್ತು, ಅದರ ಜೊತೆಗೇ ಬಂತು. ಜಿಲ್ಲೆ ಬದಲಾದದ್ದರ ಲಾಭ-ನಷ್ಟ ದೊಡ್ಡವರ ಲೆಕ್ಕ. ಮಕ್ಕಳದು ಬೇರೆಯೇ ಲೆಕ್ಕ: ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರಕ್ಕೆ ಮಳೆ ರಜೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವಾಗ ಇವರು ಕೊಡೆ ಹಿಡಿದು ಪ್ರಾರ್ಥನೆಗೆ ಹೊರಡಬೇಕು. ಜಗಳೂರಿನ ಮಕ್ಕಳ ಪಾಡಂತೂ ಕೇಳಲೇಬೇಡಿ. ಅಲ್ಲಿ ಮಳೆ ರಜೆ ಬೇಕೆಂದರೆ ಮೊದಲು ಮಳೆ ಬರಬೇಕು!

ಇನ್ನು ಹಿಮದ ರಜೆ ದೂರದ ಮಾತು. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಕ್ಕಳು ವಿಡಿಯೊ ಕಾಲ್‌ನಲ್ಲಿ ಹಿಮದ ಗೊಂಬೆ ತೋರಿಸಿ ಹೊಟ್ಟೆ ಉರಿಸಿದರೂ, ಇಲ್ಲಿಂದ ತೋರಿಸುವುದಕ್ಕೆ ಎಮ್ಮೆಕರು ಬಿಟ್ಟರೆ ಬೇರೇನಿಲ್ಲ. ಬೇಸಿಗೆಯಲ್ಲಿ ನಮ್ಮ ನೆತ್ತಿಯ ಮೇಲೆ ನೀರು ಹೆಪ್ಪುಗಟ್ಟುವಷ್ಟು ಚಳಿ ಸಿಗುವುದು ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರಿಗೇ ಸುಸ್ತಾಗಿ ನಿಂತಿದೆ.

ಆದರೆ ಮೇಲಿನವರು ಪೂರಾ ಕೈಬಿಟ್ಟಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ, ಅಶ್ವಿನಿಯೋ ಭರಣಿಯೋ ಸುರಿಯುವ ಸಂಜೆ, ಅಪರೂಪಕ್ಕೊಮ್ಮೆ ಅದೇ ಚಳಿಯ ಒಂದು ಪಾರ್ಸೆಲ್ ನೇರವಾಗಿ ಅಂಗಳಕ್ಕೆ ಬಂದು ಬೀಳುತ್ತದೆ. ಅದೇ ಆಲಿಕಲ್ಲು ಮಳೆ. ಬೇಸಿಗೆ ರಜೆ ಮೊದಲೇ ಇರುವುದರಿಂದ ಯಾವ ಅಧಿಕಾರಿಯ ಆದೇಶಕ್ಕೂ ಕಾಯಬೇಕಿಲ್ಲ.

ಹೊನ್ನಾಳಿ ಕಡೆಯ ಯಾವುದಾದರೂ ಮನೆಯನ್ನು ನೆನೆಸಿಕೊಳ್ಳಿ. ಮಧ್ಯಾಹ್ನವಿಡೀ ಕುದಿದ ಸೆಕೆ, ಆಮೇಲೆ ಪಡುವಣದಲ್ಲಿ ಕಪ್ಪು, ಒಂದು ಧೂಳುಗಾಳಿ, ಕರೆಂಟು ಮಾಯ. ದನದ ಕೊಟ್ಟಿಗೆಯ ತಗಡಿನ ಮೇಲೆ ಟಣ್ ಎಂದು ಮೊದಲ ಕಲ್ಲು ಬೀಳುತ್ತಲೇ ಅಮ್ಮ ತಾರಸಿಯ ಮೇಲಿನ ಸಂಡಿಗೆಗೆ ಓಡುತ್ತಾಳೆ, ಅಪ್ಪ ಬೈಕಿಗೆ ಓಡುತ್ತಾನೆ, ಮಕ್ಕಳು ಅಂಗಳಕ್ಕೆ ಓಡುತ್ತಾರೆ. ‘ಒಳಗೆ ಬರ್ರಲೇ, ತಲೆ ಒಡೆದೀತು!’ ಎಂದು ಅಜ್ಜಿ ಕೂಗುತ್ತಾಳೆ. ದೊಡ್ಡವನು ಮಾತು ಕೇಳಿ ಒಳಗೆ ಬಂದವನೇ ಅನ್ನ ಬಸಿಯುವ ಪಾತ್ರೆಯನ್ನು ತಲೆಗೆ ಬೋರಲು ಹಾಕಿಕೊಂಡು ಮತ್ತೆ ಹೊರಗೆ!

ಅಜ್ಜಿಯದು ಬರೀ ಗದರಿಕೆಯಲ್ಲ. 1888ರ ಏಪ್ರಿಲ್ 30ರಂದು ಉತ್ತರಪ್ರದೇಶದ ಮೊರಾದಾಬಾದ್ ಬಳಿ ಆಲಿಕಲ್ಲಿನ ಏಟಿಗೆ 246 ಜನ ಸತ್ತರು. ವಿಶ್ವ ಹವಾಮಾನ ಸಂಸ್ಥೆ ಇವತ್ತಿಗೂ ಅದನ್ನೇ ದಾಖಲೆಯೆಂದು ಬರೆದಿಟ್ಟುಕೊಂಡಿದೆ. ಪುಣ್ಯಕ್ಕೆ ನಮ್ಮ ಕಡೆ ಬಹುಪಾಲು ಸಣ್ಣವೇ ಬೀಳುತ್ತವೆ. ಪುಸ್ತಕದ ಪ್ರಕಾರ 5 ಮಿಲಿಮೀಟರ್ ಇದ್ದರೂ ಸಾಕು, ಆಲಿಕಲ್ಲೆಂಬ ಮರ್ಯಾದೆ ಸಿಗುತ್ತದೆ.

ಹತ್ತು ನಿಮಿಷಕ್ಕೆ ಮಳೆ ತಣ್ಣಗಾದಾಗ ಅಂಗಳವೆಲ್ಲ ಬಿಳಿ. ದೊಡ್ಡದೊಂದನ್ನು ಆರಿಸಿ ಈಳಿಗೆ ಮಣೆಗೆ ಒತ್ತಿದರೆ, ಜಗಳೂರಿನ ಹೊಲದ ಈರುಳ್ಳಿಯ ಹಾಗೆ ಸುತ್ತಿನೊಳಗೆ ಸುತ್ತು: ಒಂದು ಪದರ ಗಾಜಿನಷ್ಟು ತಿಳಿ, ಇನ್ನೊಂದು ಹಾಲುಬಿಳುಪು. ಕಾದ ನೆಲದಿಂದ ಮೇಲೇಳುವ ಗಾಳಿ ಸಣ್ಣ ಹರಳನ್ನು ಮೋಡದೊಳಗೆ ಎತ್ತಿ ಹಿಡಿದಷ್ಟು ಹೊತ್ತೂ ಅದಕ್ಕೆ ನೀರು ಅಂಟಿ ಹೆಪ್ಪುಗಟ್ಟುತ್ತದೆ. ಭಾರ ತಡೆಯದೆ ಗಾಳಿ ಕೈಬಿಟ್ಟಾಗ ಕಲ್ಲು ಕೆಳಗೆ. ಅಂದರೆ ಅಷ್ಟು ಸೆಕೆ ಇದ್ದದ್ದಕ್ಕೇ ಇಷ್ಟು ಐಸು. ಈ ವಿವರಣೆಯನ್ನು ಕೇಳುವ ವ್ಯವಧಾನ ಅಂಗಳದಲ್ಲಿ ಯಾರಿಗೂ ಇರುವುದಿಲ್ಲ. ಒಬ್ಬಳು ನಿಂಬೆ ಶರಬತ್ತಿಗೆ ಹಾಕಿ ಕಲಕುತ್ತಿದ್ದಾಳೆ. ಕಿರಿಯವನು ಗೆಳೆಯನಿಗೆ ತೋರಿಸಲೆಂದು ನಾಲ್ಕು ಕಲ್ಲು ಚಡ್ಡಿ ಜೇಬಿಗೆ ತುರುಕಿ, ಸ್ವಲ್ಪ ಹೊತ್ತಿನ ಮೇಲೆ ಒದ್ದೆ ಚಡ್ಡಿಗೆ ಯಾರೂ ನಂಬದ ಕಾರಣ ಹೇಳುತ್ತಿದ್ದಾನೆ. ಅಷ್ಟು ಕೂಗಿದ ಅಜ್ಜಿಯೂ ಮೆಲ್ಲಗೆ ಕೈಚಾಚುತ್ತಾಳೆ: ‘ಮಣ್ಣು ಮೆತ್ತಿಲ್ಲದ್ದು ಒಂದು ಕೊಡಲೇ ನಂಗೂ.’

ಅಪ್ಪ ಮಾತ್ರ ನಗುವುದಿಲ್ಲ. ಭದ್ರಾ ನಾಲೆಯ ನೀರಲ್ಲಿ ಬೆಳೆದ ಬೇಸಿಗೆ ಭತ್ತ ಕೊಯ್ಲಿಗೆ ನಿಂತಿರುವ ಹೊತ್ತು ಅದು. ತೆನೆಗೆ ಏಟು ಬಿದ್ದರೆ ಕಾಳು ಗದ್ದೆಯ ಪಾಲು. ಚನ್ನಗಿರಿಯ ಅಡಿಕೆ ತೋಟದಲ್ಲಿ ಹಿಂಗಾರ, ಎಳೆ ಹರಳು ಉದುರುತ್ತವೆ. ಮಾವಿನ ಕಥೆ ಹೇಳುವುದೇ ಬೇಡ. ಒಂದೇ ಅಂಗಳದಲ್ಲಿ ಒಬ್ಬರಿಗೆ ಜಾತ್ರೆ, ಒಬ್ಬರಿಗೆ ಸಾಲದ ಕಂತು.

ಇಂಥ ಸಂಜೆ ಮಕ್ಕಳು ಡಬ್ಬಿಯಲ್ಲಿ ತುಂಬಿ ಫ್ರಿಜ್‌ನಲ್ಲಿಟ್ಟ ಆಲಿಕಲ್ಲನ್ನು ಯಾವ ವಿಮೆಯವರೂ ಸಾಕ್ಷಿಯೆಂದು ಒಪ್ಪುವುದಿಲ್ಲ. ಬೆಳೆಗೆ ಫಸಲ್ ಬಿಮಾ ವಿಮೆ ಕಟ್ಟಿದ್ದರೆ ಹಾಳಾದ ಹೊಲದ ಫೋಟೊ ತೆಗೆದು 72 ಗಂಟೆಯೊಳಗೆ ದೂರು ಕೊಡಿ. ಅಂಗಳದ ಮಕ್ಕಳನ್ನು ಅಷ್ಟು ಹೊತ್ತು ಆಡಲು ಬಿಡಿ.