ಬಾಯಾರಿದ ವಿಶ್ವೇಶ್ವರಯ್ಯ

"ಇವನು ಆಫೀಸಲ್ಲಿ ಏನು ಕೆಲಸ ಮಾಡೋದು?" ಎಂದು ತಿಪಟೂರಿನಿಂದ ಬಂದಿದ್ದ ಸೋದರತ್ತೆ ಅಮ್ಮನನ್ನು ಕೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಗಂಟಲು ಸರಿಮಾಡಿಕೊಂಡು ಶುರುಮಾಡುವಷ್ಟರಲ್ಲಿ ಅಮ್ಮ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು.

"ಡಬ್ಬ ನೋಡ್ಕೊಳ್ತಾನೆ."

ಅತ್ತೆ ನನ್ನನ್ನು ಮರುಕದಿಂದ ನೋಡಿದರು. "ಬಿ.ಇ. ಓದಿಸಿದ್ರಲ್ಲ?"

"ಓದಿಸಿದ್ವಿ. ಆದ್ರೂ ಹೋದ ತಿಂಗಳು ಊಟಕ್ಕೆ ತಗೊಂಡು ಹೋದ ಡಬ್ಬ ಇನ್ನೂ ಮನೆಗೆ ಬಂದಿಲ್ಲ."

ತಪ್ಪು ನನ್ನದೇ. ಕಂಟೇನರ್ ಎಂದರೇನೆಂದು ಅಮ್ಮನಿಗೆ ಹಿಂದೊಮ್ಮೆ ವಿವರಿಸಿದ್ದವನು ನಾನು. "ನನ್ನ ಲ್ಯಾಪ್‌ಟಾಪಿನಲ್ಲಿ ಓಡುವ ಪ್ರೋಗ್ರಾಮು ಪಕ್ಕದವನ ಲ್ಯಾಪ್‌ಟಾಪಿನಲ್ಲಿ ಓಡಲ್ಲಮ್ಮ. ಅಲ್ಲಿ ಲೈಬ್ರರಿ ಬೇರೆ, ಸೆಟ್ಟಿಂಗು ಬೇರೆ. ಅದಕ್ಕೇ ಪ್ರೋಗ್ರಾಮಿಗೆ ಬೇಕಾದ್ದನ್ನೆಲ್ಲ ಜೊತೆಗೇ ಕಟ್ಟಿ ಕಳಿಸೋದು. ನೀನು ಬಿಸಿಬೇಳೆಬಾತಿನ ಜೊತೆ ಬೂಂದಿ, ತುಪ್ಪ ಎಲ್ಲ ಕಟ್ಟಿ ಕೊಡ್ತೀಯಲ್ಲ, ಹಾಗೆ." ಇದನ್ನು ಜಗತ್ತಿನಲ್ಲಿ ಚಾಲ್ತಿಗೆ ತಂದ ಡಾಕರ್ ಎಂಬ ಸಲಕರಣೆಯನ್ನು 2013ರ ಮಾರ್ಚಿನಲ್ಲಿ ಸಾಂಟಾ ಕ್ಲಾರಾದ ಒಂದು ಸಮ್ಮೇಳನದಲ್ಲಿ ಸೊಲೊಮನ್ ಹೈಕ್ಸ್ ಎಂಬಾತ ಐದೇ ನಿಮಿಷದಲ್ಲಿ ಪರಿಚಯಿಸಿದ್ದ. ನಾನು ಅಮ್ಮನಿಗೆ ಮುಕ್ಕಾಲು ಗಂಟೆ ವಿವರಿಸಿದೆ. ಅವಳ ತಲೆಯಲ್ಲಿ ಉಳಿದದ್ದು ಡಬ್ಬ ಒಂದೇ. ಈಗ ಯೋಚಿಸಿದರೆ, ಉಳಿಯಬೇಕಾದ್ದೇ ಉಳಿದಿದೆ.

ಈ ಡಬ್ಬಗಳ ಜೊತೆ ನನ್ನ ಮಾನ ಹೋದ ಕಥೆ ಶುರುವಾಗಿದ್ದು ಸೆಪ್ಟೆಂಬರ್ 15ರಂದು, ಎಂಜಿನಿಯರುಗಳ ದಿನ. ನಮ್ಮ ಆಫೀಸಿನ ಕನ್ನಡ ಸಂಘದವರು ನವೆಂಬರಿನ ರಾಜ್ಯೋತ್ಸವದ ಊಟಕ್ಕೆ ಯಾರ ಮನೆಯಿಂದ ಎಷ್ಟು ಜನ ಬರುತ್ತಾರೆಂದು ಲೆಕ್ಕ ಇಡುವ ಕೆಲಸವನ್ನು ನನಗೆ ವಹಿಸಿದ್ದರು. "ಒಂದು ಗೂಗಲ್ ಫಾರ್ಮ್ ಮಾಡಿ ಕಳಿಸಿಬಿಡಿ ಸಾರ್, ಸಾಕು" ಎಂದಿದ್ದರು ಕಾರ್ಯದರ್ಶಿ. ಹದಿನೆಂಟು ವರ್ಷ ಅನುಭವ ಇರುವವನು ಗೂಗಲ್ ಫಾರ್ಮ್ ಮಾಡುವುದೇ? ನಾನೇ ಒಂದು ಪುಟ್ಟ ತಂತ್ರಾಂಶ ಬರೆದು, ಅದಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೋಡಿಸಿ, ಎರಡನ್ನೂ ಕಂಟೇನರಿನಲ್ಲಿಟ್ಟು ನನ್ನ ಮೇಜಿನ ಕೆಳಗಿನ ಹಳೇ ಮಷೀನಿನಲ್ಲಿ ಓಡಿಸಿದೆ. ಹೋಳಿಗೆ ಎಣಿಸುವುದಕ್ಕೆ ಇಷ್ಟು ಸರಂಜಾಮು ಇನ್ನೆಲ್ಲೂ ಬಳಕೆಯಾಗಿರಲಾರದು.

ಅವತ್ತು ಬೆಳಿಗ್ಗೆ ಯಾವ ಯಾವ ಕಂಟೇನರು ಓಡುತ್ತಿದೆ ಎಂದು ನೋಡಿದರೆ, ಡೇಟಾಬೇಸಿನ ಮುಂದೆ ಹೀಗೊಂದು ಹೆಸರಿತ್ತು: ಥರ್ಸ್ಟಿ_ವಿಶ್ವೇಶ್ವರಯ್ಯ.

ನಾನು ಇಟ್ಟ ಹೆಸರಲ್ಲ. ನಾವು ಹೆಸರಿಡದೆ ಕಂಟೇನರ್ ಹುಟ್ಟಿಸಿದರೆ ಡಾಕರ್ ತಾನೇ ನಾಮಕರಣ ಮಾಡಿಬಿಡುತ್ತದೆ. ಎಡಗಡೆ ಒಂದು ವಿಶೇಷಣ, ಬಲಗಡೆ ಒಬ್ಬ ವಿಜ್ಞಾನಿಯದೋ ತಂತ್ರಜ್ಞರದೋ ಹೆಸರು. ಎರಡನ್ನೂ ಚೀಟಿ ಎತ್ತಿದ ಹಾಗೆ ಎತ್ತಿ ಜೋಡಿಸುತ್ತದೆ. ಚೀಟಿಗೆ ಇತಿಹಾಸ ಗೊತ್ತಿಲ್ಲ. ಹಾಗಾಗಿ ಕಾವೇರಿಗೆ ಕನ್ನಂಬಾಡಿ ಕಟ್ಟೆ ಕಟ್ಟಿಸಿದ ಮಹಾನುಭಾವರು, ಅವರ ಹುಟ್ಟುಹಬ್ಬದ ದಿನವೇ, ನನ್ನ ಮೇಜಿನ ಕೆಳಗೆ ಬಾಯಾರಿ ಕೂತಿದ್ದರು.

ಪುಣ್ಯಕ್ಕೆ ಬಾಯಾರಿಕೆ ಬಂತು. ಅದೇ ಎಡಗಡೆಯ ಪಟ್ಟಿಯಲ್ಲಿ 'ಸ್ಲೀಪಿ' ಕೂಡ ಇದೆ.

ಕುತೂಹಲ ತಡೆಯಲಾಗದೆ ಮೂಲ ಕೋಡು ತೆರೆದೆ. ಡಾಕರ್‌ನ ಮುಕ್ತ ತಂತ್ರಾಂಶ ಯೋಜನೆಗೆ 2017ರಿಂದ ಮೊಬಿ ಎಂದು ಹೆಸರು. ಗೋ ಭಾಷೆಯಲ್ಲಿ ಬರೆದದ್ದು, ಯಾರು ಬೇಕಾದರೂ ಓದಬಹುದು. ವಿಶ್ವೇಶ್ವರಯ್ಯ ಎಂದು ಹುಡುಕಿದೆ. ಪಟ್ಟಿ ಅಕಾರಾದಿ, 'ವಿ' ಬರುವುದು ಕೊನೆಯಲ್ಲಿ. ನೇರ ಅಲ್ಲಿಗೇ ಹೋಗಿ ಇಳಿದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಅವರ ಹೆಸರಿನ ಮೇಲೆ ಚಿಕ್ಕದೊಂದು ಪರಿಚಯವೂ ಇತ್ತು, 1955ರ ಭಾರತರತ್ನದ ಸಮೇತ. ಇನ್ನಷ್ಟು ಹುಡುಕಿದರೆ ರಾಮನ್, ರಾಮಾನುಜನ್, ಭಾಭಾ, ಆರ್ಯಭಟ ಎಲ್ಲರೂ ಸಿಕ್ಕರು. ಎಲ್ಲಕ್ಕಿಂತ ಕೆಳಗೆ ಇನ್ನೂ ಒಂದು ರತ್ನ. ಚೀಟಿ ಎತ್ತಿದಾಗ 'ಬೋರಿಂಗ್_ವೊಜ್ನಿಯಾಕ್' ಎಂದು ಬಂದರೆ ಅದನ್ನು ಬಿಸಾಡಿ ಮತ್ತೆ ಚೀಟಿ ಎತ್ತತಕ್ಕದ್ದು ಎಂದು ಕೋಡಿನಲ್ಲೇ ಕಟ್ಟಪ್ಪಣೆ. ಕಾರಣವನ್ನೂ ಪಕ್ಕದಲ್ಲೇ ಬರೆದಿದ್ದಾರೆ: ಆಪಲ್ ಕಟ್ಟಿದವರಲ್ಲೊಬ್ಬನಾದ ಸ್ಟೀವ್ ವೊಜ್ನಿಯಾಕ್ ಬೋರು ಹೊಡೆಸುವ ಮನುಷ್ಯನಲ್ಲ.

ನನ್ನೊಳಗಿನ ಕನ್ನಡಿಗ ಎದ್ದು ಕೂತ. ಆರ್ಯಭಟನ ಹೆಸರಿದೆ, 1975ರಲ್ಲಿ 'ಆರ್ಯಭಟ' ಉಪಗ್ರಹವನ್ನು ಆಕಾಶಕ್ಕೆ ಕಳಿಸಿದ ತಂಡದ ಮುಂದಾಳು, ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್ ಹೆಸರಿಲ್ಲ! ಇದನ್ನು ಸರಿಮಾಡುವುದು ನನ್ನ ಕರ್ತವ್ಯ. ಇದರಲ್ಲಿ ಸ್ವಾರ್ಥವೂ ಒಂದು ಹಿಡಿ ಇತ್ತು. ನಮ್ಮ ತಂಡದ ಚಿಕ್ಕ ಹುಡುಗ ಹುಡುಗಿಯರ ಗಿಟ್‌ಹಬ್ ಪುಟದಲ್ಲಿ ದಿನಕ್ಕೊಂದು ಹಸಿರು ಚೌಕ ಬೆಳೆದು ಭತ್ತದ ಗದ್ದೆಯ ಹಾಗೆ ಕಾಣುತ್ತದೆ. ನನ್ನದು ಬರಪೀಡಿತ ತಾಲ್ಲೂಕು. ಒಂದೇ ಒಂದು ಸಾಲು ಸೇರಿಸಿದರೂ ಸಾಕು, 'ಡಾಕರ್ ಕೋಡಿಗೆ ಕೊಡುಗೆ ಕೊಟ್ಟವರು' ಎಂದು ನಿವೃತ್ತಿಯವರೆಗೆ ಹೇಳಿಕೊಳ್ಳಬಹುದು.

ಸಾಲು ಬರೆಯುವ ಮೊದಲೇ ಸಂಘದ ವಾಟ್ಸಾಪ್ ಗುಂಪಿನಲ್ಲಿ ಘೋಷಿಸಿದೆ. ಕಾರ್ಯದರ್ಶಿಗಳು ಅರ್ಧ ಗಂಟೆಯಲ್ಲಿ ಆಮಂತ್ರಣ ಪತ್ರಿಕೆಗೆ ಸೇರಿಸಿದರು: "ವಿಶೇಷ ಉಪನ್ಯಾಸ: ವಿಶ್ವದ ಕಂಟೇನರುಗಳಲ್ಲಿ ಕನ್ನಡಿಗ."

ಆಮೇಲೆ ಗುಂಪಿಗೆ ಜ್ವರ ಬಂತು. ಪಟ್ಟಿಯಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಯ ಭಾಗ ಮಾತ್ರ ಹಾಕುತ್ತಾರೆ, ಅಂದರೆ ಬರೀ 'ರಾವ್' ಎಂದೆ. "ಯಾವ ರಾವ್?" ಎಂದರು ಒಬ್ಬರು. ಭಾರತರತ್ನ ಸಿ.ಎನ್.ಆರ್. ರಾವ್ ಬೆಂಗಳೂರಿನವರೇ ಅಲ್ಲವೇ? ಬಳ್ಳಾರಿ ಕಡೆಯ ಇನ್ನೊಬ್ಬರು ಸಂಖ್ಯಾಶಾಸ್ತ್ರದ ಸಿ.ಆರ್. ರಾವ್ ಹೂವಿನಹಡಗಲಿಯಲ್ಲಿ ಹುಟ್ಟಿದವರು ಎಂದು ನೆನಪಿಸಿದರು. ಒಂದೇ 'ರಾವ್' ಬರೆದು ಮೂವರಿಗೂ ಸಲ್ಲಿಸಿಬಿಡಿ ಎಂದು ರಾಜಿಗೆ ಬಂದವರನ್ನು ಮೂರೂ ಕಡೆಯವರು ಬೈದರು. ಹೆಣ್ಣುಮಕ್ಕಳು ಕಾಣಲಿಲ್ಲವೇ, 1980ರಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ ಶಕುಂತಲಾದೇವಿ ಎಲ್ಲಿ ಎಂದು ಟೆಸ್ಟಿಂಗ್ ವಿಭಾಗದವರು ಕೇಳಿದರು. ನನ್ನ ಕಂಪ್ಯೂಟರ್ ಅಷ್ಟು ಹೊತ್ತಿನಲ್ಲಿ ಆನ್ ಕೂಡ ಆಗುವುದಿಲ್ಲ ಎಂಬ ನಾಚಿಕೆಯಿಂದ ನಾನು ಸುಮ್ಮನಿದ್ದೆ. ಹಾಸನದ ಕಾಲೇಜಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದ ತಮ್ಮ ದೊಡ್ಡಪ್ಪನನ್ನು ಪರಿಗಣಿಸಬೇಕೆಂದು ಒಬ್ಬರು ಫೋಟೋ ಸಮೇತ ಮನವಿ ಹಾಕಿದರು. ಇಬ್ಬರು ಗುಂಪು ಬಿಟ್ಟರು. ಅವರಲ್ಲೊಬ್ಬರು ಖಜಾಂಚಿ.

ನಾನು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ಯು.ಆರ್. ರಾವ್ ಅವರ ಪರಿಚಯದ ಎರಡು ಸಾಲು ಬರೆದೆ. ಅದು ಕೆಲಸ ಮಾಡುತ್ತದೋ ನೋಡಲು ಇಡೀ ಮೊಬಿಯನ್ನು ನನ್ನ ಹಳೇ ಮಷೀನಿನಲ್ಲಿ ಕಟ್ಟಿದೆ. ಕಂಟೇನರ್ ಸಲಕರಣೆಯನ್ನು ಕಟ್ಟುವುದೂ ಕಂಟೇನರಿನೊಳಗೇ. ಮೂರಕ್ಷರದ ಒಂದು ಹೆಸರಿಗಾಗಿ ವಾರವಿಡೀ ಮತ್ತೆ ಮತ್ತೆ ಕಟ್ಟಿದೆ. ಆಮೇಲೆ ಸಹಿಯ ಪ್ರಶ್ನೆ ಬಂತು. ಪ್ರತಿ ಬದಲಾವಣೆಯ ಕೆಳಗೂ ಇದನ್ನು ಕೊಡುವ ಹಕ್ಕು ನನಗಿದೆ ಎಂದು ಬರೆದವರು ಸಹಿ ಸಾಲು ಹಾಕಬೇಕು. 2004ರಲ್ಲಿ ಲಿನಕ್ಸ್ ಕರ್ನಲ್ಲಿನವರು ತಂದ ಪದ್ಧತಿ ಇದು. ಅಡ್ಡಹೆಸರು ನಡೆಯುವುದಿಲ್ಲ, ನಿಜವಾದ ಹೆಸರೇ ಬೇಕು. ನನ್ನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಮುಂದೆ ಬಂದು ನಾನು ಹಿಂದೆ ಹೋಗಿದ್ದೇನೆ. ಜಗತ್ತಿಗೆ ಹೆಸರು ಕೊಡಲು ಹೊರಟವನು ನನ್ನ ಹೆಸರು ಯಾವುದೆಂದು ನಿರ್ಧರಿಸಲು ಅರ್ಧ ಗಂಟೆ ತೆಗೆದುಕೊಂಡೆ.

ಕಳಿಸುವ ಮುಂಚೆ ಯಾರಿಗಾದರೂ ತೋರಿಸೋಣ ಎಂದು ತಂಡದ ಹುಡುಗಿಯನ್ನು ಕರೆದೆ. ತೋರಿಸುವುದಕ್ಕಿಂತ ಮೆರೆಯುವುದು ಉದ್ದೇಶ. ಅವಳು ನನ್ನ ಪರದೆ ನೋಡಿದಳು. ನಯವಾಗಿ ಕೇಳಿದಳು: "ಸರ್, ಈ ಫೈಲಿನ ಮೇಲ್ಗಡೆ ಓದಿದ್ರಾ?"

ಓದಿರಲಿಲ್ಲ. ನಾನು ಪ್ರತಿಸಲ 'ವಿ'ಗೆ ಹಾರಿ ಇಳಿದವನು. ಫೈಲಿನ ನೆತ್ತಿಯ ಮೇಲೆ ನಾಲ್ಕಾರು ಸಾಲಿನ ಒಂದು ಟಿಪ್ಪಣಿ ಇತ್ತು. ಸಾರಾಂಶ ಇಷ್ಟು: ಈ ಪಟ್ಟಿಯನ್ನು ಮುಚ್ಚಲಾಗಿದೆ, ಹೊಸ ಹೆಸರು ತೆಗೆದುಕೊಳ್ಳುವುದಿಲ್ಲ. ಬಹುಕಾಲ ಇದು ಎಲ್ಲರಿಗೂ ಖುಷಿ ಕೊಟ್ಟಿತು. ಆದರೆ ಬರಬರುತ್ತಾ ಖುಷಿಗಿಂತ ತಕರಾರೇ ಹೆಚ್ಚಾಯಿತು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಡೀ ಜಗತ್ತಿನ ಒಂದು ವಾಟ್ಸಾಪ್ ಗುಂಪನ್ನು ಊಹಿಸಿಕೊಂಡೆ. ಪ್ರತಿ ದೇಶದಿಂದ ಮೂರು ಮೂರು ರಾವ್, ಒಬ್ಬೊಬ್ಬ ದೊಡ್ಡಪ್ಪ. ಆ ಕೋಡು ಕಾಯುವವರಿಗೆ ಇದೇ ಕೆಲಸವೇ? ಭದ್ರತೆಯ ತೂತು ಮುಚ್ಚಬೇಕು, ಹಳೇ ಆವೃತ್ತಿ ನಂಬಿಕೊಂಡವರನ್ನು ಬೀದಿಗೆ ತಳ್ಳಬಾರದು, ಹೊಸದನ್ನೂ ತರಬೇಕು. ಇದರ ನಡುವೆ ಯಾರ ಹೆಸರು ಬಿಟ್ಟುಹೋಯಿತು, 'ಸಿಲ್ಲಿ' ಎಂಬ ವಿಶೇಷಣ ಯಾವ ದೇಶದ ಮಹಾಪುರುಷರಿಗೆ ಅಂಟಿತು ಎಂಬ ಪಂಚಾಯಿತಿ ಬೇರೆ. ನಾನು ಒಂದು ಸಾಲು ಸೇರಿಸಿ, ಹಾರ ಹಾಕಿಸಿಕೊಂಡು ಮನೆಗೆ ಹೋಗುವವನು. ಆ ಸಾಲನ್ನು ವರ್ಷಗಟ್ಟಲೆ ಸಾಕಬೇಕಾದವರು ಅವರು.

ಈ ಜ್ಞಾನೋದಯ ಉಳಿದದ್ದು ಮಧ್ಯಾಹ್ನದವರೆಗೆ.

ವಾರವಿಡೀ ಕಟ್ಟಿದ ಪರಿಣಾಮ, ಡಿಸ್ಕ್ ತುಂಬಿ ಮಷೀನು ಏದುಸಿರು ಬಿಡುತ್ತಿತ್ತು. ಗುಡಿಸಿಬಿಡೋಣ ಎಂದು 'ಸಿಸ್ಟಮ್ ಪ್ರೂನ್' ಎಂಬ ಆಜ್ಞೆ ಕೊಟ್ಟೆ. ಗುಡಿಸುವುದೇ ಆದರೆ ಮೂಲೆಮೂಲೆಯನ್ನೂ ಗುಡಿಸೋಣ ಎಂದು 'ಎಲ್ಲ' ಎಂದೂ, 'ವಾಲ್ಯೂಮ್‌ಗಳೂ ಸೇರಿ' ಎಂದೂ ಬಾಲ ಸೇರಿಸಿದೆ. ಡಾಕರ್ ಮರ್ಯಾದಸ್ಥ. ಏನೇನು ಹೋಗುತ್ತದೆ ಎಂದು ಸಾಲಾಗಿ ಬರೆದು ತೋರಿಸಿ, ಮಾಡಲೇ ಎಂದು ಕೇಳಿತು. ನಿಂತಿರುವ ಎಲ್ಲ ಕಂಟೇನರುಗಳು, ಯಾರೂ ಬಳಸದ ಅನಾಮಧೇಯ ವಾಲ್ಯೂಮುಗಳು, ಹೀಗೆ. ಮೇಲೆ ಬರೆದದ್ದನ್ನು ಓದಬೇಕು ಎಂಬ ಪಾಠ ಅದೇ ಬೆಳಿಗ್ಗೆ ಕಲಿತಿದ್ದೆ. ಓದದೆ 'ವೈ' ಒತ್ತಿದೆ.

ನಲವತ್ತೊಂದು ಜಿಬಿ ಖಾಲಿಯಾಯಿತು. ಹಾಯೆನಿಸಿತು. ಕಾರ್ಯದರ್ಶಿಗಳ ಫೋನು ಬರುವವರೆಗೆ.

"ಸಾರ್, ಅಡುಗೆ ಭಟ್ರು ಹೋಳಿಗೆ ಲೆಕ್ಕ ಕೇಳ್ತಿದ್ದಾರೆ. ನಿಮ್ಮದು ತೆರೀತಾನೇ ಇಲ್ಲ."

ಹಿಂದಿನ ರಾತ್ರಿ ಕರೆಂಟು ಹೋಗಿ ಮಷೀನು ಆರಿ ಹತ್ತಿತ್ತು. ಆಗ ನಿಂತ ಥರ್ಸ್ಟಿ_ವಿಶ್ವೇಶ್ವರಯ್ಯ ಮತ್ತೆ ಏಳಲಿಲ್ಲ. ತಾನಾಗಿ ಏಳು ಎಂದು ನಾನು ಹೇಳಿರಲಿಲ್ಲ. ನಿಂತ ಕಂಟೇನರ್, ಆದ್ದರಿಂದ ಕಸ. ನಾಡಿಗೆ ನೀರು ಕೊಟ್ಟವರನ್ನು ನಾನು ಪೊರಕೆಯಲ್ಲಿ ಗುಡಿಸಿ ಹಾಕಿದ್ದೆ. ಕಂಟೇನರು ಹೋದರೂ ಮಾಹಿತಿ ಉಳಿಯಬೇಕಿತ್ತು. ಅದು ಇರುವುದು ವಾಲ್ಯೂಮಿನಲ್ಲಿ. ಆದರೆ ಪೋಸ್ಟ್‌ಗ್ರೆಸ್‌ಗೆ ವಾಲ್ಯೂಮ್ ಯಾವುದೆಂದು ನಾವು ಹೇಳದಿದ್ದರೆ ಡಾಕರ್ ಒಂದು ಹೆಸರಿಲ್ಲದ್ದನ್ನು ಕೊಟ್ಟುಬಿಡುತ್ತದೆ. ನಾನು ಹೇಳಿರಲಿಲ್ಲ. ಈಗಿನ ಆವೃತ್ತಿಗಳಲ್ಲಿ ಈ ಆಜ್ಞೆ ಹೆಸರಿರುವ ವಾಲ್ಯೂಮನ್ನು ಮುಟ್ಟುವುದಿಲ್ಲ, ಹೆಸರಿಲ್ಲದ್ದನ್ನು ಮಾತ್ರ ಒಯ್ಯುತ್ತದೆ.

ಜಗತ್ತಿನ ಕಂಟೇನರುಗಳಿಗೆ ಹೆಸರಿಡಲು ಎರಡು ತಿಂಗಳು ಹೋರಾಡಿದವನು ಸ್ವಂತ ಡಬ್ಬಕ್ಕೆ ಹೆಸರಿಟ್ಟಿರಲಿಲ್ಲ.

ಲೆಕ್ಕ ಮತ್ತೆ ಕೇಳಲು ನಾಚಿಕೆ. ಅಂದಾಜಿನ ಮೇಲೆ ಎಂಟುನೂರು ಎಂದೆ. ಹಬ್ಬಕ್ಕೆ ಬಂದವರು ನಾನೂರು ಚಿಲ್ಲರೆ. ಉಪನ್ಯಾಸದಲ್ಲಿ ನಾನು ಕೊಟ್ಟ ಕೊಡುಗೆ ಹೇಳುವ ಬದಲು, ಯಾಕೆ ಯಾವ ಕೊಡುಗೆಯನ್ನೂ ಕೊಡಲಿಲ್ಲ ಎಂದು ಹೇಳಿ ಐದೇ ನಿಮಿಷದಲ್ಲಿ ಇಳಿದೆ. ಆ ಒಂದು ವಿಷಯದಲ್ಲಿ ಮಾತ್ರ ಸೊಲೊಮನ್ ಹೈಕ್ಸ್‌ನ ಸಮಕ್ಕೆ ನಿಂತೆ. ಸ್ವಾಗತ ಭಾಷಣವೇ ಇಪ್ಪತ್ತು ನಿಮಿಷ ಆಗಿದ್ದ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. "ಮುಂದಿನ ವರ್ಷವೂ ನೀವೇ ಬರಬೇಕು ಸಾರ್" ಎಂದರು ಕಾರ್ಯದರ್ಶಿ. "ಲೆಕ್ಕಕ್ಕೆ ಮಾತ್ರ ಗೂಗಲ್ ಫಾರ್ಮ್ ಇರಲಿ."

ಉಳಿದ ಹೋಳಿಗೆಯ ರಾಶಿ ನೋಡಿದ ಅಮ್ಮ ಒಂದು ಮಾತೂ ಆಡದೆ ಅಟ್ಟದಿಂದ ಸ್ಟೀಲಿನ ಡಬ್ಬಗಳನ್ನು ಇಳಿಸಿದಳು. ಹದಿನಾಲ್ಕು ಡಬ್ಬ. ಬೀದಿಯಲ್ಲಿ ಆ ಮನೆ ಈ ಮನೆಗೆ, ಸಂಘದವರ ಕೈಗೆ, ಗುಂಪು ಬಿಟ್ಟ ಖಜಾಂಚಿಗೂ ಒಂದು. ಮುಂದಿನ ಶನಿವಾರದ ಹೊತ್ತಿಗೆ ಹದಿನಾಲ್ಕೂ ಮನೆಗೆ ವಾಪಸ್ ಬಂದಿದ್ದವು. ಖಜಾಂಚಿ ಮನೆಯದರಲ್ಲಿ ಚಕ್ಕುಲಿಯೂ ಇತ್ತು.

ತೊಳೆದು ಒರೆಸಿಡುವಾಗ ನೋಡಿದೆ. ಒಂದೊಂದರ ಕಂಠದ ಮೇಲೂ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಅಕ್ಷರ: ಅಜ್ಜಿಯ ಹೆಸರು, ಅಮ್ಮನ ಹೆಸರು, ಗೃಹಪ್ರವೇಶದ ತಾರೀಖು.

"ಆಫೀಸಿಗೆ ಒಯ್ದು ಕಳೆದೆಯಲ್ಲ, ಅದೊಂದೇ ಕಣೋ ಹೆಸರು ಹಾಕಿಸದೆ ಇದ್ದದ್ದು" ಎಂದಳು ಅಮ್ಮ. "ಬೀದಿಯಲ್ಲಿ ಮಷೀನಿನವನು ಬಂದಾಗ ಹಾಕಿಸೋಣ ಅಂತಿದ್ದೆ. ನಿನ್ನ ಡಬ್ಬಗಳಿಗೆಲ್ಲ ಹಾಕಿಸಿದೀಯಾ?"