ಕೋವಿ ಒರೆಸುವ ಸುಬೇದಾರರು

ಕೊಡಗಿನಲ್ಲಿ ಕೋವಿಯಿಲ್ಲದ ಕೊಡವರ ಮನೆಯನ್ನು ಹುಡುಕುವುದು ಕಷ್ಟವಾದರೆ, ಆ ಕೋವಿಯನ್ನು ಒರೆಸುವುದನ್ನೇ ಜೀವಿತದ ಪರಮಪ್ರಯೋಜನವೆಂದು ಭಾವಿಸಿರುವ ಒಬ್ಬ ನಿವೃತ್ತ ಸುಬೇದಾರರಿಲ್ಲದ ಊರನ್ನು ಹುಡುಕುವುದು ಅದಕ್ಕಿಂತಲೂ ಕಷ್ಟ. ಇವರನ್ನು ಬೇಟೆಗಾರರ ಗುಂಪಿಗೆ ಸೇರಿಸಲಾಗದು. ಬೇಟೆಗಾರನಿಗೆ ಕೋವಿಯೆಂಬುದು ಹಂದಿಯ ಬಳಿಗೆ ತಲುಪಲು ಒಂದು ಸಾಧನ. ಸುಬೇದಾರರಿಗಾದರೋ ಹಂದಿ, ಹಬ್ಬ, ಮಹಾಯುದ್ಧ ಇವೆಲ್ಲವೂ ನಳಿಗೆಯನ್ನು ಮಲಿನಗೊಳಿಸಿ ತಮ್ಮ ಕೈಗೆ ಕೆಲಸವನ್ನೊದಗಿಸುವ ಸಲುವಾಗಿ ವಿಧಾತನು ಕಲ್ಪಿಸಿದ ನಿಮಿತ್ತಗಳು.

ಮಳೆ ಸ್ವಲ್ಪ ಹೊಳವಾದ ಒಂದು ಬೆಳಗ್ಗೆ ನೀವು ಅವರ ಮನೆಗೆ ಹೋದಿರೆಂದರೆ, ಜಗಲಿಯ ಮೇಲೆ ಹಳೆಯ ಕಂಬಳಿ ಹಾಸಿ, ಮಕ್ಕಳನ್ನು ಹಿತ್ತಲಿಗೂ ನಾಯಿಯನ್ನು ಕೊಟ್ಟಿಗೆಗೂ ಅಟ್ಟಿ, ತೋಟೆಗಳ ಪೆಟ್ಟಿಗೆಯನ್ನು ಒಳಕೋಣೆಯಲ್ಲಿರಿಸಿ ಬೀಗ ಹಾಕಿ, ಬೀಗದ ಕೈಯನ್ನು ಮಡದಿಯ ಸೆರಗಿನ ಗಂಟಿಗೆ ಒಪ್ಪಿಸಿ, ಅಡ್ಡಪಂಚೆಯನ್ನು ಎತ್ತಿಕಟ್ಟಿ ಕುಳಿತಿರುವ ಸುಬೇದಾರರ ದರ್ಶನವಾಗುತ್ತದೆ. ಕೋವಿಯ ಮೂತಿ ಗದ್ದೆಯ ಆಚೆಯ ನಿರ್ಜನವಾದ ದಿಬ್ಬದ ಕಡೆಗಿರುತ್ತದೆ. ಆ ದಿಬ್ಬದ ಮೇಲೆ ಯಾರದಾದರೂ ಹಸು ಬಂದು ನಿಂತರೆ, ಹಸು ಹೋಗುವವರೆಗೆ ಕಾರ್ಯಕ್ರಮ ಮುಂದೂಡಲ್ಪಡುತ್ತದೆ. ಜೋಡುನಳಿಗೆಯ ಕೋವಿಯನ್ನು ಮುರಿದು ತೆರೆದು, ತೋಟೆ ಕೂರುವ ಎರಡು ಗೂಡುಗಳನ್ನೂ ಕಣ್ಣಿನಿಂದ ಪರೀಕ್ಷಿಸಿ, ಕಣ್ಣಿಗೆ ಮೋಸವಾಗುವ ಸಂಭವವುಂಟೆಂದು ಕಿರುಬೆರಳನ್ನೂ ಇಳಿಬಿಟ್ಟು ನೋಡಿ, ಅಷ್ಟರಿಂದಲೂ ತೃಪ್ತರಾಗದೆ ನಿಮ್ಮನ್ನು ಸಾಕ್ಷಿಗೆ ಕರೆಯುತ್ತಾರೆ:

“ನೋಡಿ ಮೇಷ್ಟ್ರೇ, ಖಾಲಿ ಇದೆಯೋ ಇಲ್ಲವೋ, ನಿಮ್ಮ ಬಾಯಲ್ಲೇ ಹೇಳಿ.”

ನೀವು ಖಾಲಿಯಿದೆ ಎಂದು ಸ್ಪಷ್ಟೋಚ್ಚಾರದಿಂದ ಹೇಳಬೇಕು. ತಲೆಯಾಡಿಸಿದರೆ ಸಾಲದು. ಅಂಚೆಯವನು, ಹಾಲಿನವನು, ಮದುವೆಯ ಕರೆಯೋಲೆ ಹಿಡಿದು ಬಂದ ದೂರದ ನೆಂಟ, ಇವರೆಲ್ಲರೂ ಈ ಜಗಲಿಯಲ್ಲಿ ಸಾಕ್ಷಿ ನುಡಿದವರೇ. ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂದು, ಸುಬೇದಾರರು ಕೋವಿಯನ್ನು ಕೆಳಗಿಟ್ಟು ಲೋಟವನ್ನೆತ್ತಿಕೊಂಡರೆಂದು ಭಾವಿಸೋಣ. ಲೋಟ ಬರಿದಾದ ಮೇಲೆ ಮತ್ತೆ ಕಣ್ಣು, ಮತ್ತೆ ಕಿರುಬೆರಳು, ಮತ್ತೆ ಸಾಕ್ಷಿ. “ಈಗತಾನೇ ನೋಡಿದೆವಲ್ಲ, ಸುಬೇದಾರ್ರೇ?” ಎಂದರೆ, “ಅದು ಕಾಫಿಗೆ ಮುಂಚೆ” ಎಂಬ ಉತ್ತರ ಬರುತ್ತದೆ. ಖಾಲಿ ಕೋವಿ ಎಂಬ ಪದಾರ್ಥವೇ ಲೋಕದಲ್ಲಿಲ್ಲವೆಂಬುದು ಅವರ ಸಿದ್ಧಾಂತ. ಮನೆಯೊಳಗೆ ಪ್ರಾಣಹಾನಿ ಮಾಡಿದ ಕೋವಿಗಳೆಲ್ಲವೂ ಖಾಲಿಯೆಂದು ಹೆಸರು ಪಡೆದವುಗಳೇ ಎಂದು ಅವರು ಹೇಳುವಾಗ ನಗುವುದಿಲ್ಲ, ನಾವೂ ನಗಲಾರೆವು.

ಆಮೇಲಿನದು ಯಥಾವಿಧಿಯಾದ ಶುದ್ಧೀಕರಣ. ತುಂಡುತುಂಡಾದ ಕೋಲನ್ನು ತಿರುಪಿ ಜೋಡಿಸಿ, ತುದಿಗೆ ಕಂಚಿನ ತಂತಿಯ ಬ್ರಷ್ಷನ್ನು ಸಿಕ್ಕಿಸಿ, ತೋಟೆಯ ಕಡೆಯಿಂದ ಮೂತಿಯ ಕಡೆಗೆ ನೂಕಬೇಕೇ ಹೊರತು ವಿಪರೀತಕ್ರಮ ಕೂಡದು; ಕೊಳೆಯನ್ನು ಹೊರಗೆ ತಳ್ಳುವ ಬದಲು ಯಂತ್ರದೊಳಕ್ಕೆ ತುಂಬಿದಂತಾಗುತ್ತದೆ. ಅನಂತರ ಬಟ್ಟೆಯ ಚೂರುಗಳು. ಈ ಕಾರ್ಯಕ್ಕೆ ನವೆದ ಹತ್ತಿಬಟ್ಟೆಯೇ ಶ್ರೇಷ್ಠವಾದುದರಿಂದ, ಆ ಮನೆಯಲ್ಲಿ ಯಾವ ಬನಿಯನ್ನೂ ಪೂರ್ಣಾಯುಷ್ಯವನ್ನು ಕಂಡದ್ದಿಲ್ಲ. ಮೊದಲ ಚೂರು ಕಾಡಿಗೆಯ ಬಣ್ಣದಲ್ಲಿ ಹೊರಬರುತ್ತದೆ; ಎರಡನೆಯದು ಬೂದಿ; ಮೂರನೆಯದರಲ್ಲಿ ಎಲ್ಲೋ ಒಂದು ಕಂದು ಗೆರೆ ಕಂಡರೆ ಸುಬೇದಾರರ ಮುಖ ಗಂಭೀರವಾಗುತ್ತದೆ, ಏಕೆಂದರೆ ಅದು ತುಕ್ಕು. ಕಟ್ಟಕಡೆಯಲ್ಲಿ ನಳಿಗೆಯನ್ನು ಬೆಳಕಿಗೆ ಹಿಡಿದು, ಒಳಗೆ ಒಂದರೊಳಗೊಂದು ಕುಳಿತ ಬೆಳಕಿನ ಬಳೆಗಳು ಕಲೆಯಿಲ್ಲದೆ ಹೊಳೆಯುವುದನ್ನು ಕಂಡು, “ಆಹಾ!” ಎನ್ನುತ್ತಾರೆ. ಮೊಮ್ಮಗನು ಮೊದಲ ದರ್ಜೆಯಲ್ಲಿ ಪಾಸಾದ ಸುದ್ದಿಗೂ ಆ ಉದ್ಗಾರ ಹೊರಟಿರಲಿಲ್ಲವೆಂದು ಅವರ ಮಡದಿ ಹೇಳುತ್ತಾರೆ.

ಎಣ್ಣೆಯ ವಿಷಯದಲ್ಲಿ ಅವರ ಅಭಿಪ್ರಾಯಗಳು ಖಂಡಿತವಾದುವು. ತೆಳುವಾದ ಯಂತ್ರದೆಣ್ಣೆ ಎರಡೇ ತೊಟ್ಟು; ಮರದ ಹಿಡಿಗೆ ಅಗಸೆ ಎಣ್ಣೆ, ಅದನ್ನೂ ಅಂಗೈಯ ಬಿಸಿಯಿಂದ ತಿಕ್ಕಬೇಕು. ತೆಂಗಿನೆಣ್ಣೆ ಹಚ್ಚುವವರನ್ನು ಅವರು ಮನುಷ್ಯರೆಂದೇ ಗಣಿಸುವುದಿಲ್ಲ: ಮಡಿಕೇರಿಯ ಚಳಿಗೆ ಬಾಟಲಿಯಲ್ಲೇ ಬೆಣ್ಣೆಯಾಗುವ ವಸ್ತು ಕೋವಿಯ ಸಂದುಗಳಲ್ಲಿ ಮಾತ್ರ ದ್ರವರೂಪವಾಗಿ ಉಳಿದೀತೇ? ಹೆಚ್ಚು ಎಣ್ಣೆ ಹೊಯ್ದರೆ ಅದು ಕೆಳಗಿಳಿದು ಹಿಡಿಯ ಮರವನ್ನು ಮೆತ್ತಗೆ ಮಾಡುತ್ತದೆಂದು, ಒರೆಸಿದ ಕೋವಿಯನ್ನು ಒಂದು ರಾತ್ರಿ ಮೂತಿ ಕೆಳಗಾಗಿ ನಿಲ್ಲಿಸುತ್ತಾರೆ. ಆಟಿಯ ಮಳೆಯಲ್ಲಿ ಚರ್ಮದ ಚೀಲಕ್ಕೆ ತುಂಬಿಡುವವರ ವಿಷಯವಾಗಿ, ತಂಪನ್ನು ಹೀರಿದ ಚರ್ಮವು ಉಕ್ಕಿಗೆ ಮಾಡುವ ಅಪಕಾರವನ್ನು ಕುರಿತು, ದೀರ್ಘವಾದ ಉಪನ್ಯಾಸವೇ ಉಂಟು. ಅದು ಇಲ್ಲಿ ಬೇಡ.

ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯೊಂದೂ ಇದೆ. ಅದರ ಕರಿಮದ್ದಿನ ಮಸಿ ಗಾಳಿಯ ತೇವವನ್ನು ಎಳೆದುಕೊಂಡು ಒಂದೇ ರಾತ್ರಿಯಲ್ಲಿ ಕಬ್ಬಿಣವನ್ನು ತಿನ್ನಲು ಹೊರಡುವುದರಿಂದ, ಈಡು ಹೊಡೆದ ದಿನವೇ ಕುದಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಹಾಕಬೇಕು. ಹಂಡೆಯ ಮೊದಲ ನೀರು ಕೋವಿಗೆ; ಉಳಿದದ್ದು ಮನೆಯವರ ಸ್ನಾನಕ್ಕೆ.

ಇಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಾಗಿತ್ತು. ಆದರೆ ಈ ಶಿಸ್ತು ಕೋವಿಯನ್ನು ದಾಟಿ ಸಂಸಾರದ ಸಮಸ್ತ ವಸ್ತುಗಳಿಗೂ ವ್ಯಾಪಿಸಿದೆ. ಕೊಡೆಯನ್ನು ಅವರ ಕಡೆಗೆ ಮೊನೆ ಮಾಡಿ ಹಿಡಿಯಕೂಡದು. ಊರುಗೋಲನ್ನು ಕೊಡುವಾಗ ತುದಿ ನೆಲವನ್ನು ನೋಡುತ್ತಿರಬೇಕು. ಸುಡುವ ಉದ್ದೇಶವಿಲ್ಲದಾಗ ಬೆರಳು ಟ್ರಿಗರಿನ ಹೊರಗಿರಬೇಕೆಂಬ ಸೂತ್ರವನ್ನು ಅವರು ಟಾರ್ಚಿನ ಗುಂಡಿಗೂ ಅನ್ವಯಿಸಿದ್ದಾರೆ. ಒಮ್ಮೆ ಮೊಮ್ಮಗನು ಬಿದಿರಿನ ಪೆಟ್ಲಿನಲ್ಲಿ ಕಾಯಿ ತುಂಬಿ ಕೋಳಿಗೆ ಗುರಿಯಿಟ್ಟಾಗ, ಅದನ್ನು ಕಿತ್ತುಕೊಂಡು ಬಯ್ಯುವರೆಂದು ನಾನು ನಿರೀಕ್ಷಿಸಿದ್ದೆ. ಅವರು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಕೋಳಿಯ ಹಿಂದೆ ಏನಿದೆ, ಹೇಳು” ಎಂದರು. “ಅಜ್ಜಿ” ಎಂದಿತು ಮಗು. “ಹಾಗಾದರೆ?” ಎಂದರು. ಹುಡುಗ ಬಹಳ ಹೊತ್ತು ಯೋಚಿಸಿ, ಅಜ್ಜಿಯನ್ನು ಪಕ್ಕಕ್ಕೆ ಸರಿಯುವಂತೆ ಬೇಡಿಕೊಂಡ.

ಕೈಲ್ ಪೊಳ್ದ್ ಹತ್ತಿರವಾದಂತೆ ಸುಬೇದಾರರಿಗೆ ಬಿಡುವಿರುವುದಿಲ್ಲ. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಆಸುಪಾಸಿನಲ್ಲಿ, ಆಯುಧಗಳನ್ನೆಲ್ಲ ಸಾಲಾಗಿಟ್ಟು ತೋಕ್‌ಪೂವೆಂಬ ಹೂವನ್ನು ಸಿಕ್ಕಿಸಿ ಪೂಜಿಸಬೇಕಾದ ಹಬ್ಬವಾದುದರಿಂದ, ಮಳೆಗಾಲವಿಡೀ ಅಟ್ಟದಲ್ಲಿ ಕೊಳೆಯಲು ಬಿಟ್ಟವರೆಲ್ಲ ನಾಚಿಕೆಯಿಂದ ಕೋವಿಯನ್ನು ಹೊತ್ತು ಇವರಲ್ಲಿಗೆ ಬರುತ್ತಾರೆ. ಕಳೆದ ಸಲ ಒಬ್ಬ ಯುವಕನು ತಂದ ಕೋವಿಯ ನಳಿಗೆಯಲ್ಲಿ ಕಣಜವೊಂದು ಮಣ್ಣಿನ ಗೂಡನ್ನು ಕಟ್ಟಿತ್ತು. ಅದರೊಂದಿಗೇ ಹೊಡೆದಿದ್ದರೆ ನಳಿಗೆ ಬಿರಿದು ಹೊಡೆದವನ ಕೈಯೇ ಹೋಗುತ್ತಿತ್ತು. ಸುಬೇದಾರರು ಆ ಗೂಡನ್ನು ತೆಗೆದು ಹುಡುಗನ ಅಂಗೈಯ ಮೇಲಿಟ್ಟು, ಕಬ್ಬನ್ ಸಾಹೇಬರ ಕಾಲದಲ್ಲಿ, 1861ರಲ್ಲಿ, ಕೊಡಗಿನವರಿಗೆ ದೊರೆತು 1959ರ ಆಯುಧ ಕಾಯಿದೆ ಬಂದ ಮೇಲೂ ಉಳಿದುಬಂದ ವಿನಾಯಿತಿಯ ಚರಿತ್ರೆಯನ್ನೆಲ್ಲ ನಿವೇದಿಸಿ, “ಸರ್ಕಾರ ಬಿಟ್ಟುಕೊಟ್ಟಿರುವುದು ಲೈಸೆನ್ಸನ್ನು ಮಾತ್ರ, ಒರೆಸುವುದನ್ನಲ್ಲ” ಎಂದು ಮುಗಿಸಿದರು.

ಹಬ್ಬದ ದಿನ ಕಡಂಬುಟ್ಟು, ಪಂದಿಕರಿಗಳ ಭೋಜನದ ತರುವಾಯ ಊರವರೆಲ್ಲ ಮಂದ್ ಎಂಬ ಊರಬಯಲಿನಲ್ಲಿ ನೆರೆದು, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದುಂಟು. ಇಷ್ಟು ನಿರ್ಮಲವಾದ ಕೋವಿಯ ಗುರಿ ತಪ್ಪಲಾರದೆಂದು ಯುವಕರು ಸುಬೇದಾರರನ್ನು ಬಲವಂತದಿಂದ ಮುಂದೆ ತಂದರು. ಅವರು ನಳಿಗೆಯಲ್ಲಿ ಹಣಕಿ, ಹಿಂದೆ ಮುಂದೆ ನೋಡಿ, ಎಲ್ಲರನ್ನೂ ಗೆರೆಯ ಹಿಂದಕ್ಕೆ ಸರಿಸಿ, ತೋಟೆ ತುಂಬಿ, ಬಹುಕಾಲ ಗುರಿಯಿಟ್ಟು ಹೊಡೆದರು. ತೆಂಗಿನಕಾಯಿ ಅಲುಗಲಿಲ್ಲ. ಯುವಕರು ಸಂಕೋಚದಿಂದ ಬೇರೆ ಕಡೆ ನೋಡುತ್ತಿರಲು, ಸುಬೇದಾರರು ಕೋವಿಯನ್ನು ಮುರಿದು, ಹೊಗೆಯಾಡುವ ತೋಟೆಯನ್ನು ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದರು. ಒಳಗೆ ಮಸಿ ಹತ್ತಿತ್ತು. ಅವರು ನನ್ನ ಕಡೆಗೆ ತಿರುಗಿ ಪರಮಸಂತೋಷದಿಂದ ಹೇಳಿದರು:

“ಬನ್ನಿ ಮೇಷ್ಟ್ರೇ, ಕತ್ತಲಾಗುವುದರೊಳಗೆ ಮನೆ ಸೇರೋಣ. ಕೆಲಸ ಇದೆ.”