ಎರಡನೇ ದುರ್ಯೋಧನ

ಮಹಾಭಾರತದಲ್ಲಿ ದುರ್ಯೋಧನ ಒಬ್ಬನೇ ಎಂದು ನಂಬಿರುವವರು ಮಂಡ್ಯದ ಕಡೆಯ ಹಳ್ಳಿಯಲ್ಲಿ ಒಂದು ರಾತ್ರಿಯೂ ನಿದ್ದೆಗೆಟ್ಟವರಲ್ಲ. ಅಲ್ಲಿ ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಎಂದು ಇಬ್ಬರಿರುತ್ತಾರೆ. ಕೃಷ್ಣನೂ ಇಬ್ಬರು, ಬೆಳೆ ಚೆನ್ನಾಗಿ ಕೈಹತ್ತಿದ ವರ್ಷ ಮೂವರು. ‘ಕುರುಕ್ಷೇತ್ರ’ ನಾಟಕ ರಾತ್ರಿ ಊಟ ಮುಗಿದ ಮೇಲೆ ಶುರುವಾಗಿ ಬೆಳಗ್ಗೆ ಹಾಲು ಕರೆಯುವ ಹೊತ್ತಿನ ತನಕ ನಡೆಯುವಂಥದು, ಅಷ್ಟು ಹೊತ್ತು ಒಬ್ಬನೇ ಹಾಡಿದರೆ ಗಂಟಲು ಉಳಿಯುವುದಿಲ್ಲ ಎಂಬುದು ಹೇಳಿಕೊಳ್ಳುವ ಕಾರಣ. ದುಡ್ಡು ಕಟ್ಟುವವರು ಜಾಸ್ತಿ, ಪಾತ್ರ ಕಮ್ಮಿ ಎಂಬುದು ಇರುವ ಕಾರಣ.

ಹೌದು, ದುಡ್ಡು ಕಟ್ಟಬೇಕು. ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಒಬ್ಬರು, “ನಿಮ್ಮ ಸೋದರಮಾವ ನಾಟಕದವರಂತಲ್ಲ, ಒಂದು ಷೋಗೆ ಎಷ್ಟು ಬರುತ್ತೆ?” ಎಂದು ಕೇಳಿದ್ದರು. ಬರುವುದಿಲ್ಲ ಸ್ವಾಮಿ, ಹೋಗುತ್ತೆ ಎಂದೆ. ಹಾರ್ಮೋನಿಯಂ ಮೇಷ್ಟ್ರಿಗೆ, ತಬಲಾದವರಿಗೆ, ಸೀನರಿಯವರಿಗೆ, ಮೈಕ್ ಸೆಟ್ಟಿನವರಿಗೆ, ದ್ರೌಪದಿ ಭಾನುಮತಿಯರಾಗಿ ಮಂಡ್ಯದಿಂದಲೋ ಮೈಸೂರಿನಿಂದಲೋ ಬರುವ ಕಲಾವಿದೆಯರಿಗೆ ಎಲ್ಲರಿಗೂ ಸಂಭಾವನೆ ಉಂಟು. ಅದನ್ನೆಲ್ಲ ಕೊಡುವವರು ಕಿರೀಟ ಇಟ್ಟುಕೊಂಡ ಗಂಡಸರು. ಪಾಂಡವರು ಇಂದ್ರಪ್ರಸ್ಥದ ಸಿಂಹಾಸನವನ್ನು ಜೂಜಿನಲ್ಲಿ ಕಳೆದುಕೊಂಡರೆಂದು ಓದಿದ್ದೇವೆ. ನಮ್ಮೂರಲ್ಲಿ ಅದು ಹಾಲಿನ ಡೈರಿಯ ಬಟವಾಡೆಯಲ್ಲಿ ಸಿಗುತ್ತದೆ.

ನನ್ನ ಮಾವನಿಗೆ ಅರವತ್ತೆರಡು ವರ್ಷ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಎರಡು ಎಕರೆ, ಒಂದು ಜೊತೆ ಹಳ್ಳಿಕಾರ್ ಎತ್ತು, ಒಂದು ಎಮ್ಮೆ, ಒಂದು ಸೀಮೆಹಸು, ಒಬ್ಬಳು ನನ್ನ ಅತ್ತೆ. ಇಷ್ಟರ ನಡುವೆ ಅವನು ಬೆಳಗಿನಿಂದ ರಾತ್ರಿವರೆಗೆ ಹಾಡುತ್ತಾನೆ. ನೀರು ಕಟ್ಟುವಾಗ ಸಂಧಾನದ ಸೀನು, ಕಬ್ಬಿನ ಗರಿ ಸುಲಿಯುವಾಗ ಅಭಿಮನ್ಯುವಿನ ಸಾವು, ಹಿತ್ತಲಿನಲ್ಲಿ ಸ್ನಾನ ಮಾಡುವಾಗ ವೈಶಂಪಾಯನ ಸರೋವರ. ಬಸ್ಸಿನಲ್ಲೂ ಹಾಡುತ್ತಾನೆ; ಪಕ್ಕದಲ್ಲಿ ಕೂತವನು ತಿರುಗಿ ನೋಡಿದರೆ ನಾಚಿಕೊಳ್ಳುವುದಿರಲಿ, ಕೇಳುಗ ಸಿಕ್ಕಿದನೆಂದು ಚರಣಕ್ಕೆ ಹೋಗುತ್ತಾನೆ. ನಾನಾದರೋ ಬಚ್ಚಲಲ್ಲಿ ನಲ್ಲಿ ಪೂರ್ತಿ ತಿರುಗಿಸಿಕೊಂಡು, ಪಕ್ಕದ ಫ್ಲ್ಯಾಟಿನವರಿಗೆ ಕೇಳಿಸದ ಹಾಗೆ ಗುನುಗುವವನು. ಒಂದೇ ರಕ್ತ ಎನ್ನುತ್ತಾರೆ, ನಂಬುವುದು ಕಷ್ಟ.

ಮಾವನ ದನಿ ಕೆಟ್ಟದ್ದು ಎಂದರೆ ತಪ್ಪಾದೀತು. ಅದು ದೊಡ್ಡದು. ನಾಲೆಯ ಆಚೆ ದಡದಲ್ಲಿ ತೂಬು ತಿರುಗಿಸುತ್ತಿರುವವನನ್ನು ಈಚೆಯಿಂದಲೇ ಬೈದು ಬೈದು ಬೆಳೆದ ದನಿ. ಶ್ರುತಿಗೂ ಅದಕ್ಕೂ ಜಗಳವಿಲ್ಲ, ದಾರಿಯಲ್ಲಿ ಎದುರಾದರೆ ಕ್ಷೇಮಸಮಾಚಾರ ಮಾತಾಡಿ ಅವರವರ ಮನೆಗೆ ಹೋಗುತ್ತಾರೆ. ನಮ್ಮ ಡ್ರಾಮಾ ಮೇಷ್ಟ್ರು ಅನುಭವಸ್ಥರು, ಕರಿ ಮೂರೋ ಬಿಳಿ ನಾಲ್ಕೋ ಎಂಬ ವಿಚಾರಣೆ ಇಟ್ಟುಕೊಳ್ಳುವುದಿಲ್ಲ. “ನೀವ್ ಹಾಡ್ತಾ ಹೋಗಿ ಗೌಡ್ರೆ, ನಾನ್ ಹುಡೀಕ್ಕೊಂಡ್ ಬತ್ತೀನಿ” ಎನ್ನುತ್ತಾರೆ.

ಒಮ್ಮೆ ಬುದ್ಧಿ ಸಾಲದೆ ಮಾವನಿಗೆ ಒಂದು ವಿಷಯ ಹೇಳಿಬಿಟ್ಟೆ. ರೇಡಿಯೊದವರು 1940ರಲ್ಲಿ ಹಾರ್ಮೋನಿಯಂ ಪೆಟ್ಟಿಗೆಯನ್ನು ಸ್ಟುಡಿಯೊದಿಂದ ಆಚೆ ಹಾಕಿ, 1971ರವರೆಗೆ ಒಳಕ್ಕೆ ಬಿಡಲಿಲ್ಲ. ನಮ್ಮ ಸಂಗೀತದ ಸ್ವರಗಳು ಒಂದರಿಂದ ಇನ್ನೊಂದಕ್ಕೆ ಜಾರುವ ಬಗೆ, ಮಣೆಗೂ ಮಣೆಗೂ ನಡುವೆ ಇರುವ ಸೂಕ್ಷ್ಮ ಆ ಪೆಟ್ಟಿಗೆಗೆ ಸಿಕ್ಕುವುದಿಲ್ಲ ಎಂಬುದು ಪಂಡಿತರ ದೂರು. ಮಾವ ಬೀಡಿ ಆರಿಸಿ ಎದ್ದು ಕೂತ. ಬಾಳಿನಲ್ಲಿ ಮೊದಲ ಸಲ ಸರ್ಕಾರ ಅವನ ಪರವಾಗಿ ಮಾತಾಡಿತ್ತು. “ನೋಡ್ಲಾ ಅಳಿಯ, ನಾನು ಬಡ್ಕೋತಾನೇ ಇದ್ದೆ. ನನ್ ಶ್ರುತಿ ಇರಾದು ಮಣೆ ಮಣೆ ಮಧ್ಯದಲ್ಲಿ. ಪೆಟ್ಟಿಗೇಲಿ ಇಲ್ದಿದ್ರೆ ನಾನೇನ್ಲಾ ಮಾಡ್ಲಿ?” ಅಂದಿನಿಂದ ಮೇಷ್ಟ್ರು ಹುಬ್ಬು ಗಂಟಿಕ್ಕಿದರೆ ಸಾಕು, ರೇಡಿಯೊ ಸ್ಟೇಷನ್ನೇ ಸಾಕ್ಷಿಗೆ ಬರುತ್ತದೆ.

ಅವನ ಇನ್ನೊಬ್ಬ ಸಾಕ್ಷಿ ಅಣ್ಣಾವ್ರು. ರಾಜಕುಮಾರ್ ಅವರಿಗೆ ವರ್ಷಗಟ್ಟಲೆ ಹಾಡಿದವರು ಪಿ.ಬಿ. ಶ್ರೀನಿವಾಸ್, 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕೂತು ತಾವೇ ಹಾಡಿದ ಮೇಲೆ ಅಣ್ಣಾವ್ರು ಹಿಂತಿರುಗಿ ನೋಡಲಿಲ್ಲ. ‘ಜೀವನ ಚೈತ್ರ’ದ ಹಾಡಿಗಂತೂ ರಾಷ್ಟ್ರಪ್ರಶಸ್ತಿಯೇ ಬಂತು. ಅವರು ಚಿಕ್ಕಂದಿನಲ್ಲೇ ಗುಬ್ಬಿ ಕಂಪನಿಯಲ್ಲಿ ಪಳಗಿದವರು, ಅವರ ತಂದೆಯೂ ಅಲ್ಲೇ ಪಾತ್ರ ಮಾಡುತ್ತಿದ್ದರು ಎಂಬ ಭಾಗ ಮಾವನ ಕಥೆಯಲ್ಲಿ ಇಲ್ಲ. ಅವನ ಲೆಕ್ಕ ಇಷ್ಟೆ: “ಅಣ್ಣಾವ್ರು ನಲವತ್ತೈದಕ್ಕೆ ಶುರು ಮಾಡುದ್ರು. ಅವ್ರು ಎಮ್ಮೆ ಮ್ಯಾಲೆ ಕುಂತ್ಕಂಡು ಹಾಡುದ್ರು, ನಾನು ಎಮ್ಮೆ ಕೆಳಗೆ ಕುಂತ್ಕಂಡು ಹಾಡ್ತೀನಿ. ಯತ್ವಾಸ ಏನಿದ್ದದು?”

ಎಮ್ಮೆ ಕೆಳಗಿನ ಹಾಡುಗಾರಿಕೆ ದಿನಾ ಎರಡು ಹೊತ್ತು, ನಾಗಾ ಇಲ್ಲದೆ. ಮೊಣಕಾಲಿನ ನಡುವೆ ಚೊಂಬು ಸಿಕ್ಕಿಸಿಕೊಂಡು ಆಲಾಪ ಶುರು ಮಾಡುತ್ತಾನೆ. ಹಾಲಿನ ಸರ್ ಸರ್ ಅದಕ್ಕೆ ತಾಳ. ಎಮ್ಮೆ ಕಣ್ಣು ಅರ್ಧ ಮುಚ್ಚಿ ನಿಂತಿರುತ್ತದೆ. ಸಂಗೀತಕ್ಕೆ ಹಸು ಎಮ್ಮೆಗಳು ಹಾಲು ಜಾಸ್ತಿ ಕೊಡುತ್ತವೆಂದು ಟೀವಿಯಲ್ಲಿ ಬಂದಿತ್ತಂತೆ. ಅತ್ತೆ ಒಪ್ಪುವುದಿಲ್ಲ. “ಅದುನ್ನ ಕಟ್ಟಾಕವ್ರೆ, ಅದ್ಕೆ ಕೇಳಿಸ್ಕತದೆ. ನನ್ಗೇನು ಬಂದದೆ?” ಎಂದು ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತಾಳೆ. ಅವಳ ಕಿವಿಯ ಓಲೆ ಎರಡು ಸಲ ಸೊಸೈಟಿಯ ಕಬ್ಬಿಣದ ಪೆಟ್ಟಿಗೆ ನೋಡಿಕೊಂಡು ಬಂದಿದೆ, ಎರಡು ಸಲವೂ ಹಸ್ತಿನಾಪುರದ ಖರ್ಚಿಗೆ. ಅವಳ ಮಾತಿಗೆ ಹಕ್ಕಿದೆ.

ಈ ಹುಚ್ಚು ಬಂದದ್ದು ತಾತನಿಂದ. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆ ರಂಗಕ್ಕೆ ಬರುತ್ತಿದ್ದವು. ತಾತ ಗಾಡಿ ಕಟ್ಟಿಕೊಂಡು ಹೋಗಿ ನೋಡಿ ಬಂದು, ಸಾಯುವ ತನಕ ಅದನ್ನೇ ಹೇಳಿದ. ಅದನ್ನು ಕೇಳಿ ಬೆಳೆದ ಮಾವ ಒಂದು ವರ್ಷ ಕೃಷ್ಣನ ರಥಕ್ಕೆ ತನ್ನ ಜೋಡೆತ್ತನ್ನೇ ಕಟ್ಟಿಸಿದ. ಪರದೆ ಎದ್ದು, ಮೈಕು ಕೀರಲಿಟ್ಟು, ಯಾರೋ ಪಟಾಕಿ ಸರ ಹಚ್ಚಿದ್ದೇ ತಡ, ಎತ್ತುಗಳು ಗೀತೋಪದೇಶಕ್ಕೆ ಕಾಯಲಿಲ್ಲ. ಪಾರ್ಥಸಾರಥಿಯನ್ನು ಹೊತ್ತುಕೊಂಡು ನೇರ ನಮ್ಮ ಕೊಟ್ಟಿಗೆಗೆ ಬಂದವು.

ಪಾತ್ರ ಹಂಚುವುದು ಮಾರಿಗುಡಿ ಮುಂದೆ. ಕಳೆದ ಸಲ ಒಂದನೇ ಕೃಷ್ಣನಿಗೆ 50,000 ರೂಪಾಯಿ, ಒಂದನೇ ದುರ್ಯೋಧನನಿಗೆ 45,000, ಎರಡನೆಯವನಿಗೆ 30,000. ಸೈನಿಕನಾದರೆ 1,000, ಹಾಡಿಲ್ಲ. ಮಾವನ ಆಸೆ ಮೊದಲಿನಿಂದಲೂ ಕೃಷ್ಣನ ಮೇಲೆ. ಭಕ್ತಿಯಿಂದಲ್ಲ, ಅವನಿಗೆ ಹಾಡು ಜಾಸ್ತಿ. ಈ ಸಲ ಟಗರು ಮಾರಿದ್ದ ದುಡ್ಡೂ ಸೇರಿಸಿ ಟವಲಿನಲ್ಲಿ ಗಂಟು ಕಟ್ಟಿಕೊಂಡು ಹೋಗಿದ್ದ. ಮೇಷ್ಟ್ರು ಅವನನ್ನು ಪಕ್ಕಕ್ಕೆ ಕರೆದರು. “ಕೃಷ್ಣ ನಗ್ತಾ ಹಾಡ್ಬೇಕು ಗೌಡ್ರೆ. ನೀವು ಮೇಲಿನ ಸ್ಥಾಯಿಗೆ ಹೋದಾಗ ನಿಮ್ ಮೊಕ ನೋಡುದ್ರೆ ಯಾರೋ ತೊಡೆ ಮುರ್ದಂಗೆ ಕಾಣ್ತದೆ. ಅದ್ಕೆ ತಕ್ಕ ಪಾತ್ರ ಐತೆ, ತಗಳಿ.”

ಹೀಗೆ ಮಾವ ಮತ್ತೆ ಎರಡನೇ ದುರ್ಯೋಧನನಾದ. ಇದರಲ್ಲಿ ಒಂದು ಅನ್ಯಾಯವಿದೆ, ಹೇಳಲೇಬೇಕು. ಜೂಜಾಡಿಸಿ, ಸೀರೆ ಎಳೆಸಿ, ಸೂಜಿಮೊನೆಯಷ್ಟೂ ಜಾಗ ಕೊಡುವುದಿಲ್ಲ ಎಂದು ಮೆರೆಯುವವನೆಲ್ಲ ಒಂದನೆಯವನು. ಅವನು ನಡುರಾತ್ರಿಗೆ ಬಣ್ಣ ಒರೆಸಿಕೊಂಡು, ಮುದ್ದೆ ಉಂಡು ಮಲಗುತ್ತಾನೆ. ಮಾಡಿದ್ದನ್ನು ಉಣ್ಣುವವನು ಎರಡನೆಯವನು: ತಮ್ಮಂದಿರು ಸಾಯುವುದು ಅವನ ಪಾಳಿಯಲ್ಲಿ, ನೀರಿನಲ್ಲಿ ಮುಳುಗುವುದು ಅವನೇ, ತೊಡೆಯೂ ಅವನದೇ. ರನ್ನನಿಂದ ಈಚೆಗೆ ಕನ್ನಡಿಗರಿಗೆ ದುರ್ಯೋಧನನ ಮೇಲೆ ಮರುಕ ಇದೆ ಎನ್ನುತ್ತಾರೆ. ಇಬ್ಬರಲ್ಲಿ ಯಾರ ಮೇಲೆ ಎಂದು ನನಗಂತೂ ಗೊತ್ತಿದೆ.

ಮೂರು ತಿಂಗಳು ಭಜನೆಮನೆಯಲ್ಲಿ ತಾಲೀಮು ನಡೆಯಿತು. ಭೀಮನ ಪಾತ್ರ ಸಿಕ್ಕಿದ್ದು ಮಾವನ ಜಮೀನಿನ ಪಕ್ಕದವನಿಗೆ, ಅವನಿಗೂ ಮಾವನಿಗೂ ಬದುವಿನ ವಿಷಯದಲ್ಲಿ ತಕರಾರು. ಗದೆಯನ್ನು ಮೆಲ್ಲಗೆ ಬೀಸಬೇಕೆಂದು ಮೇಷ್ಟ್ರು ಅವನಿಂದ ಮಾರಮ್ಮನ ಮುಂದೆ ಆಣೆ ಹಾಕಿಸಿಕೊಂಡರು.

ನಾಟಕದ ದಿನ ಮಾವ ಸಂಜೆ ಆರಕ್ಕೇ ಬಣ್ಣ ಹಚ್ಚಿಸಿಕೊಂಡು ಕೂತ. ಅವನ ಪ್ರವೇಶ ರಾತ್ರಿ ಎರಡಕ್ಕೆ. ಮೀಸೆ ಕಿತ್ತು ಬರುತ್ತದೆಂದು ಊಟವಿಲ್ಲ, ಪಂಚೆಯ ಕಚ್ಚೆ ಬಿಚ್ಚಿದರೆ ಮತ್ತೆ ಕಟ್ಟುವವರಿಲ್ಲವೆಂದು ಕಾಫಿಯೂ ಇಲ್ಲ. ಸೀನರಿಯವರ ಟ್ರಂಕಿನ ಮೇಲೆ ಗದೆ ಊರಿಕೊಂಡು ಗಂಟೆಗಟ್ಟಲೆ ಕೂತ ಆ ಚಕ್ರವರ್ತಿಯನ್ನು ನೋಡಿದರೆ, ಯುದ್ಧ ಸೋತದ್ದು ಹೇಗೆಂದು ಯಾರಿಗಾದರೂ ಅರ್ಥವಾಗುತ್ತಿತ್ತು.

ಅವನು ಬರುವ ಹೊತ್ತಿಗೆ ನಾಟಕ ಒಂದೂವರೆ ಗಂಟೆ ಹಿಂದೆ ಬಿದ್ದಿತ್ತು. ಮುಯ್ಯಿಯ ಕಾಟ. ಊರಿನ ಯಾರ ನಾಟಕಕ್ಕೆ ಯಾರು ಎಷ್ಟು ಹಾಕಿದ್ದಾರೆಂಬುದು ಮದುವೆ ಮುಯ್ಯಿಯ ಹಾಗೆ ಪುಸ್ತಕದಲ್ಲಿ ಇರುತ್ತದೆ, ತಿರುಗಿಸಲೇಬೇಕು. ಕರ್ಣ ಕವಚ ಕಿತ್ತು ಕೊಡುವಷ್ಟರಲ್ಲಿ ಮೈಕಿನವನು ಅಡ್ಡ ಬಂದು, ಇಂಥ ಊರಿನ ಇಂಥವರು ಕರ್ಣನ ಪಾತ್ರಧಾರಿಗೆ 500 ರೂಪಾಯಿ ಎಂದು ಕೂಗುತ್ತಾನೆ. ದಾನಶೂರ ಅದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಮಾವನಿಗೂ ನೋಟಿನ ಹಾರ ಬಿತ್ತು, ನನ್ನದೂ ಸೇರಿ.

ಭಾನುಮತಿಯಾಗಿ ಬಂದಾಕೆ ಹಿಂದಿನ ರಾತ್ರಿ ಇನ್ನಾವುದೋ ಊರಿನಲ್ಲಿ ಇದೇ ಪಾತ್ರ ಮುಗಿಸಿ, ಸಂಜೆ ಬಸ್ಸಿಗೆ ಇಲ್ಲಿಗೆ ಇಳಿದವರು. ಅವರಿಗೆ ತಾಲೀಮು ಬೇಕಿಲ್ಲ, ಎಲ್ಲರ ಮಾತೂ ಬಾಯಿಗೆ ಬರುತ್ತದೆ. ಮಾವ ಮಾತು ಮರೆತು ನಿಂತಾಗ, “ಪ್ರಾಣಕಾಂತ, ತಾವು ಹೀಗೆ ಹೇಳಬೇಕೆಂದಿದ್ದೀರಲ್ಲವೆ?” ಎಂದು ಅವನ ಮಾತನ್ನೂ ತಾವೇ ಹೇಳಿ ಉತ್ತರವನ್ನೂ ಕೊಟ್ಟರು. ಅವನು ಹಾಡು ಎತ್ತುವ ಮುಂಚೆ ಸೆರಗಿನ ಮರೆಯಲ್ಲಿ ಸ್ವರ ಗುನುಗಿ ಕೊಟ್ಟರು. ಆ ಒಂದು ಹಾಡಿನಲ್ಲಿ ಮಾವ ಮಣೆಯ ಮೇಲೇ ಇದ್ದ. ಮೇಷ್ಟ್ರು ಗಾಬರಿಯಾಗಿ ಪೆಟ್ಟಿಗೆ ನೋಡಿಕೊಂಡರು.

ತೊಡೆ ಮುರಿಯುವ ಹೊತ್ತಿಗೆ ಪೂರ್ವ ಕೆಂಪಾಗಿತ್ತು. ಮುಂದೆ ಚಾಪೆಯ ಮೇಲೆ ಮಕ್ಕಳು ಅಡ್ಡಾದಿಡ್ಡಿ ಬಿದ್ದಿದ್ದವು, ಕುರುಕ್ಷೇತ್ರದ ನಿಜವಾದ ದೃಶ್ಯ ಅದೇ. ಹೆಂಗಸರು ಹಾಲು ಕರೆಯಲು ಎದ್ದು ಹೋಗಿದ್ದರು. ಮೊದಲ ಬಸ್ಸಿಗೆ ಕಾಯುವ ನಾಲ್ಕು ಜನ, ಬೀಗರು, ನಾನು. ಮಾವ ಬಿದ್ದಲ್ಲಿಂದಲೇ ಕೊನೆಯ ಹಾಡು ಹೇಳಿದ. ‘ವನ್ಸ್ ಮೋರ್’ ಕೂಗಲು ಮಗನಿಗೆ ವಾರದಿಂದ ಹೇಳಿಕೊಟ್ಟಿದ್ದ. ಆ ಕುಲಪುತ್ರ ಜಾತ್ರೆಯ ತೊಟ್ಟಿಲಿನ ಹಲಗೆ ಮೇಲೆ ಗೊರಕೆ ಹೊಡೆಯುತ್ತಿದ್ದ. ಹಾಡು ಮುಗಿದು ಮೌನ. ಆಗ ಹಿಂದಿನಿಂದ ಒಂದು ದನಿ ಬಂತು: “ವನ್ಸ್ ಮೋರ್!” ತಿರುಗಿ ನೋಡಿದರೆ ಟೀ ಮಾರುವವನು. ಕೆಟಲಿನಲ್ಲಿ ಇನ್ನೂ ಅರ್ಧ ಉಳಿದಿತ್ತು, ಜನ ಎದ್ದು ಹೋಗುತ್ತಿದ್ದರು.

ಕಂಪನಿ ನಾಟಕಗಳ ಕಾಲದಲ್ಲಿ ಸತ್ತ ಪಾತ್ರಗಳೂ ವನ್ಸ್ ಮೋರಿಗೆ ಎದ್ದು ಹಾಡಿ ಮತ್ತೆ ಸಾಯುತ್ತಿದ್ದವಂತೆ. ಮಾವ ಸತ್ತಿರಲಿಲ್ಲ, ತೊಡೆ ಒಂದೇ. ಮುರಿದ ಕಾಲನ್ನು ಊರಿ ನಿಂತ, ಕಿರೀಟ ಸರಿ ಮಾಡಿಕೊಂಡ, ಟೀಯವನಿಗೆ ಕೈಮುಗಿದ. “ಲೇ, ಹೊಡ್ದಿವ್ನಿ ಬಿದ್ಕಳಲಾ!” ಎಂದು ಭೀಮ ಹಲ್ಲು ಕಡಿದ. ಮಾವ ಹಾಡಿದ. ಮೇಷ್ಟ್ರು ತಿದಿ ಮುಚ್ಚಿ, ಪೆಟ್ಟಿಗೆಗೆ ಬಟ್ಟೆ ಸುತ್ತಿದರು. ಆಮೇಲೂ ಹಾಡಿದ. ಇಬ್ಬರು ಟೀ ತೆಗೆದುಕೊಂಡರು.

ಬೆಳಗ್ಗೆ ಬಣ್ಣ ತೊಳೆಯುವಷ್ಟರಲ್ಲಿ ಗಂಟಲು ಪೂರ್ತಿ ಹೋಗಿತ್ತು. ಮೂರು ದಿನ ಮಾತಿಲ್ಲ, ಸನ್ನೆ ಮಾತ್ರ. ಮನೆಯಲ್ಲಿ ಗೋಡೆ ಗಡಿಯಾರ ಇದೆಯೆಂದು ನನಗೆ ಗೊತ್ತಾದದ್ದು ಆಗಲೇ. ಸಾಯಂಕಾಲ ಮಾವ ಚೊಂಬು ಹಿಡಿದು ಎಮ್ಮೆಯ ಕೆಳಗೆ ಕೂತ. ಎಮ್ಮೆ ಕತ್ತು ತಿರುಗಿಸಿ ನೋಡಿತು, ಕಾಯಿತು, ಕಾಲು ಝಾಡಿಸಿತು. ಹಾಲು ಇಳಿಸಲಿಲ್ಲ. ಹಿಂಡಿ ಇಟ್ಟರೂ ಇಲ್ಲ, ಬೆನ್ನು ಸವರಿದರೂ ಇಲ್ಲ. ಡೈರಿಯ ಹೊತ್ತು ಮೀರುತ್ತಿತ್ತು.

ಅಡುಗೆಮನೆಯ ಬಾಗಿಲು ತೆರೆಯಿತು. ಅತ್ತೆ ಬಂದವಳೇ ಮಾವನ ಕೈಯಿಂದ ಚೊಂಬು ಕಿತ್ತುಕೊಂಡಳು. ನನ್ನ ಕಡೆ ಒಮ್ಮೆ ನೋಡಿ, “ನೀನು ಆ ಕಡೆ ತಿರುಕೊ” ಎಂದಳು. ತಿರುಗಿದೆ. ಬೆನ್ನ ಹಿಂದೆ ಎರಡನೇ ದುರ್ಯೋಧನನ ಪ್ರವೇಶದ ಹಾಡು ಆಲಾಪದಿಂದ ಎತ್ತಿಕೊಂಡಿತು, ಒಂದು ಮಾತೂ ತಪ್ಪದೆ, ಒಂದು ಸ್ವರವೂ ಆಚೀಚೆ ಆಗದೆ. ಸರ್ ಸರ್ ಎಂದು ಚೊಂಬಿನಲ್ಲಿ ತಾಳ ಶುರುವಾಯಿತು.